ಹಸಿ ಮೊಳಕೆ ಮತ್ತು ಔಷಧಿಗೆ ಬಗ್ಗದ ರೋಗಾಣು

ಕೇಳುಗರಿಗೆ ನಮಸ್ಕಾರ.

ಮೆಂತ್ಯಕಾಳನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸುವುದು ನಮ್ಮ ಮನೆಗಳಲ್ಲಿ ತೀರ ಸಾಮಾನ್ಯವಾದ ಕೆಲಸ. ಅದೇ ಮೆಂತ್ಯದ ಮೊಳಕೆಯಿಂದ 2011ರ ಮೇ ಮತ್ತು ಜೂನ್ ತಿಂಗಳಲ್ಲಿ ಜರ್ಮನಿಯಲ್ಲಿ, ಹೆಚ್ಚಾಗಿ ಅದರ ಉತ್ತರ ಭಾಗದಲ್ಲಿ, ಸುಮಾರು 3,800 ಜನ ಕಾಯಿಲೆ ಬಿದ್ದರು. ಕಾರಣ, ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾದ ಒಂದು ವಿಷಕಾರಿ ತಳಿ. 800ಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳಿಗೆ ಪೆಟ್ಟು ಬಿತ್ತು. 50ಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಹ್ಯಾಂಬರ್ಗ್ ನಗರದ ಅಧಿಕಾರಿಗಳು ಮೊದಲು ದೂರಿದ್ದು ಸ್ಪೇನಿನ ಸೌತೆಕಾಯಿಯನ್ನು. ಅದರ ಮೇಲೆ ಸಿಕ್ಕ ಬ್ಯಾಕ್ಟೀರಿಯಾ ಬೇರೆಯದೇ ಎಂದು ಗೊತ್ತಾಗುವ ಹೊತ್ತಿಗೆ ಅಲ್ಲಿನ ರೈತರ ಬೆಳೆಯನ್ನು ಕೇಳುವವರೇ ಇರಲಿಲ್ಲ. ಕೊನೆಗೆ ತನಿಖೆಯವರು ಒಂದು ಹೋಟೆಲಿನಲ್ಲಿ ಯಾರು ಯಾವ ತಿನಿಸು ತಿಂದಿದ್ದರು ಎಂದು ವಿಚಾರಿಸಿ, ಆ ತಿನಿಸಿಗೆ ಏನೇನು ಹಾಕಿತ್ತೆಂದು ಅಡುಗೆಯವರಿಂದ ತಿಳಿದುಕೊಂಡು, ಕಾಯಿಲೆ ಬಿದ್ದವರನ್ನೂ ಬೀಳದವರನ್ನೂ ಹೋಲಿಸಿ ನೋಡಿದಾಗ ಮೊಳಕೆಯ ಸುಳಿವು ಸಿಕ್ಕಿತು. ಅದರ ಜಾಡು ಒಂದು ಮೊಳಕೆ ತೋಟದ ಮೂಲಕ ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜಕ್ಕೆ ಹೋಗಿ ಮುಟ್ಟಿತು.

ಬೀಜದ ಸಿಪ್ಪೆಯ ಸಣ್ಣ ಬಿರುಕಿನಲ್ಲಿ ಕೆಲವೇ ಬ್ಯಾಕ್ಟೀರಿಯಾಗಳು ಅಡಗಿದ್ದರೂ ಸಾಕು. ಮೊಳಕೆಗೆ ಬೇಕಾದ ತೇವ ಮತ್ತು ಬಿಸುಪು ಅವಕ್ಕೂ ಹಿತವಾದ್ದರಿಂದ ಎರಡು ಮೂರು ದಿನಗಳಲ್ಲಿ ಅವು ಕೋಟಿಗಟ್ಟಲೆ ಆಗುತ್ತವೆ, ಮತ್ತು ಎಷ್ಟು ಬಾರಿ ತೊಳೆದರೂ ಪೂರ್ತಿಯಾಗಿ ಹೋಗುವುದಿಲ್ಲ.

ಜರ್ಮನಿಯ ಆ ಇ. ಕೋಲಿ ತಳಿಗೆ ಇನ್ನೊಂದು ಗುಣವೂ ಇತ್ತು: ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಕೊಡುವ ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್ ಗುಂಪಿನ ಔಷಧಿಗಳನ್ನು ಒಡೆದುಹಾಕುವ ಕಿಣ್ವವನ್ನು ಅದು ತಯಾರಿಸುತ್ತಿತ್ತು. ಜನ ಸತ್ತದ್ದು ಈ ಗುಣದಿಂದಲ್ಲ, ಅದು ಕಾರುವ ವಿಷದಿಂದ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಆದರೆ ಔಷಧಿಗೆ ಬಗ್ಗದ ಈ ಗುಣ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಆದ್ದರಿಂದ ತಾನಾಗಿ ರೋಗ ತಾರದ ಬ್ಯಾಕ್ಟೀರಿಯಾವೊಂದು ಹಸಿ ಸೊಪ್ಪಿನೊಡನೆ ನಮ್ಮ ಕರುಳನ್ನು ಸೇರಿ, ಅಲ್ಲಿರುವ ಬೇರೊಂದಕ್ಕೆ ಈ ಉಂಗುರವನ್ನು ಕೊಟ್ಟುಬಿಡಬಹುದು. ತಿಂದವರಿಗೆ ಅಂದು ಹೊಟ್ಟೆನೋವೂ ಇರುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ಕಳವಳದ ಸಂಗತಿ ಇದೇ.

ಇಂಥ ಬ್ಯಾಕ್ಟೀರಿಯಾಗಳು ತರಕಾರಿಗೆ ಬರುವ ದಾರಿಗಳು ನಮ್ಮೂರಿನವೇ. ಔಷಧಿ ತಿಂದ ಕೋಳಿ, ದನಗಳ ಗೊಬ್ಬರವನ್ನು ಚೆನ್ನಾಗಿ ಕಳಿಯಲು ಬಿಡದೆ ಹೊಲಕ್ಕೆ ಹಾಕುತ್ತೇವೆ. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿ ಬೈರಮಂಗಲದ ಕೆರೆಗೆ ಸೇರಿ, ಅಲ್ಲಿಂದ ಗದ್ದೆ ತೋಟಗಳಿಗೆ ಹರಿಯುತ್ತದೆ. ದಾಳಿಂಬೆಯ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೊಸೈಕ್ಲಿನ್ ಎಂಬ, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯನ್ನು ಸಿಂಪಡಿಸುವ ರೂಢಿಯನ್ನು ತೋಟಗಾರರು ಬಲ್ಲರು. ಕೋಳಿ, ಮೀನು, ದನಗಳಿಗೆ ಕೊಲಿಸ್ಟಿನ್ ಎಂಬ ಔಷಧಿ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು, ಏಕೆಂದರೆ ಬೇರೆ ಯಾವ ಔಷಧಿಯೂ ನಾಟದ ಸೋಂಕಿಗೆ ವೈದ್ಯರು ಕಡೆಯದಾಗಿ ನೆಚ್ಚುವ ಔಷಧಿಗಳಲ್ಲಿ ಅದೂ ಒಂದು.

ಬೇಯಿಸಿದರೆ ಈ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಔಷಧಿಗೆ ಬಗ್ಗದವು ಬೆಂಕಿಗೆ ಬಗ್ಗುತ್ತವೆ. ಕೊತ್ತಂಬರಿ, ಸೌತೆ, ಕ್ಯಾರೆಟ್‌ಗಳಂತೆ ಹಸಿಯಾಗಿಯೇ ತಿನ್ನುವುದನ್ನು ಹೆಚ್ಚುವ ಮೊದಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಕೋಳಿಮಾಂಸ ಕತ್ತರಿಸಿದ ಮಣೆಯನ್ನು ಅದಕ್ಕೆ ಬಳಸಬಾರದು. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಇನ್ನು ಮೊಳಕೆಕಾಳನ್ನು ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಹಸಿಯಾಗಿ ತಿನ್ನದೆ, ಚೆನ್ನಾಗಿ ಬೇಯಿಸಿ ಒಗ್ಗರಣೆ ಹಾಕಿದ ಉಸಲಿಯನ್ನೋ ಹುಳಿಯನ್ನೋ ಮಾಡಿಕೊಳ್ಳುವುದು ಒಳ್ಳೆಯದು.

ನಮಸ್ಕಾರ.