ಸಾಲಂ ಪಂಜಾ: ಬೀಜದಿಂದ ಸಸಿಯವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸಾಲಂ ಪಂಜಾ ಹಿಮಾಲಯದ ಎತ್ತರದ ಹುಲ್ಲುಗಾವಲುಗಳ ನೆಲದ ಆರ್ಕಿಡ್. ಬೆರಳು ಬಿಚ್ಚಿದ ಅಂಗೈಯಂತಿರುವ ಅದರ ಗಡ್ಡೆಯೇ ಔಷಧಿ. ಗಿಡಕ್ಕೆ ಮುಳುವಾಗಿರುವುದೂ ಅದೇ. ಪ್ರತಿ ವರ್ಷ ಹಳೆಯ ಗಡ್ಡೆಯ ಪಕ್ಕದಲ್ಲಿ ಹೊಸದೊಂದು ಕಟ್ಟುತ್ತದೆ, ಮುಂದಿನ ವರ್ಷದ ಚಿಗುರು ಬರುವುದು ಅದರಿಂದ. ಹೂ ಬಿಟ್ಟಾಗಲೇ ಎರಡನ್ನೂ ಅಗೆದರೆ ಬೀಜವೂ ಇಲ್ಲ, ಬುಡವೂ ಇಲ್ಲ.

ಹಾಗಾಗಿ ಗಡ್ಡೆ ಮುಟ್ಟದೆ ಬೀಜದಿಂದ ಸಸಿ ಮಾಡಬೇಕು. ಬೀಜವೋ ಧೂಳಿನಷ್ಟು ಸಣ್ಣದು, ಮೊಳೆಯಲು ಬೇಕಾದ ಆಹಾರ ಒಳಗಿಲ್ಲ. ಹುಲ್ಲುಗಾವಲಿನಲ್ಲಿ ಮಣ್ಣಿನ ಶಿಲೀಂಧ್ರ ಉಣಿಸುತ್ತದೆ. ಆ ಕೆಲಸವನ್ನು ಸಕ್ಕರೆಯೂ ಮಾಡಬಲ್ಲದೆಂದು ಅಮೆರಿಕದ ಸಸ್ಯವಿಜ್ಞಾನಿ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದರು.

ಅನುಮತಿ ಪಡೆದು, ಹಲವು ಗಿಡಗಳಿಂದ ಒಂದೆರಡೇ ಕಾಯಿ ತೆಗೆಯಿರಿ. ಒಂದೇ ಗಿಡದ ಸಂತತಿ ಬೆಳೆಸಿದರೆ ತಳಿಯ ವೈವಿಧ್ಯ ಉಳಿಯದು. ಕಾಯಿ ಬಲಿತಿರಬೇಕು, ಬಿರಿದಿರಬಾರದು. ಬಿರಿದರೆ ಬೂಷ್ಟು ಒಳಸೇರುತ್ತದೆ. ಬಿರಿಯದ ಕಾಯಿಯನ್ನು 70 ಪ್ರತಿಶತ ಆಲ್ಕೋಹಾಲಿನಲ್ಲಿ ಅದ್ದಿ, ಜ್ವಾಲೆಗೆ ಒಡ್ಡಿ, ಶುದ್ಧ ಗಾಳಿಯ ಪೆಟ್ಟಿಗೆಯೊಳಗೆ ಸೀಳಿ. ಪೂರ್ತಿ ಮಾಗಿದ ಬೀಜದ ಸಿಪ್ಪೆ ನೀರು ಹೀರದು. ಅದನ್ನು ತೆಳು ಬ್ಲೀಚ್ ದ್ರಾವಣದಲ್ಲಿ ಬಣ್ಣ ತಿಳಿಯಾಗುವವರೆಗಷ್ಟೇ ಇಟ್ಟು ತೊಳೆಯಬೇಕು. ಹೆಚ್ಚಾದರೆ ಭ್ರೂಣವೇ ಸಾಯುತ್ತದೆ.

ಸೀಸೆಯೊಳಗೆ ಬೀಜ ಬಿತ್ತುವ ಪೋಷಕ ಮಾಧ್ಯಮದಲ್ಲೇ ಹೆಚ್ಚಿನವರು ಎಡವುತ್ತಾರೆ. ಸೀಸೆಯಲ್ಲಿ ಗಿಡ ಬೆಳೆಸಲು ಸಾಮಾನ್ಯವಾಗಿ ಬಳಸುವ ‘ಮುರಾಶಿಗೆ–ಸ್ಕೂಗ್’ ಲವಣ ಮಿಶ್ರಣವನ್ನು ಪೂರ್ತಿ ಹಾಕಿದರೆ ನೈಟ್ರೇಟ್ ಅತಿಯಾಗಿ ಮೊಳಕೆ ತಡೆಯುತ್ತದೆ. ಕಾಲು ಭಾಗ ಸಾಕು. ಸಾರಜನಕಕ್ಕೆ ಪೆಪ್ಟೋನ್, ಅಂದರೆ ಒಡೆದ ಪ್ರೋಟೀನ್, ಸೇರಿಸಿ. ಲೀಟರಿಗೆ 20 ಗ್ರಾಂ ಸಕ್ಕರೆ, ಗಟ್ಟಿಯಾಗಿಸಲು 8 ಗ್ರಾಂ ಅಗರ್, 1 ಗ್ರಾಂ ಸಕ್ರಿಯ ಇದ್ದಿಲು. ಮೊಳಕೆಯನ್ನು ಕಪ್ಪಾಗಿಸುವ ಫೀನಾಲ್‌ಗಳನ್ನು ಇದ್ದಿಲು ಹೀರಿಕೊಳ್ಳುತ್ತದೆ. ಆಮ್ಲತೆಯನ್ನು pH 5.7ಕ್ಕೆ ತಂದು, 121 ಡಿಗ್ರಿಯಲ್ಲಿ 20 ನಿಮಿಷ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲಿ.

ಬಿತ್ತಿದ ಸೀಸೆಗಳು ಕತ್ತಲಲ್ಲಿರಲಿ. ತಿಂಗಳುಗಟ್ಟಲೆ ಏನೂ ಕಾಣದಿದ್ದರೂ ಎಸೆಯಬೇಡಿ. ಬಿಳಿ ಗುಂಡುಗಳು ಮೂಡಿ ಬೇರು ಬಿಟ್ಟ ಮೇಲೆ 4–5 ಡಿಗ್ರಿ ತಂಪಿನಲ್ಲಿ ಎರಡು ಮೂರು ತಿಂಗಳು ಇಡಿ. ಇದು ಆ ಗಿಡದ ಚಳಿಗಾಲ. ತಪ್ಪಿಸಿದರೆ ಚಿಗುರು ಸರಿಯಾಗಿ ಏಳದು.

ಹೊರಗೆ ನೆಡುವಾಗ ಬೇರಿನ ಅಗರ್ ಪೂರ್ತಿ ತೊಳೆಯಿರಿ. ಉಳಿದ ಸಕ್ಕರೆಗೆ ಬೂಷ್ಟು ಬಂದು ಸಸಿ ಕೊಳೆಯುತ್ತದೆ. ನೀರು ಬಸಿಯುವ ಮಿಶ್ರಣದಲ್ಲಿ, ತಂಪಾದ ನೆರಳಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಹೋಗಿ. ಶರತ್ಕಾಲಕ್ಕೆ ಎಲೆ ಒಣಗಿತೆಂದು ಕುಂಡ ಬರಿದು ಮಾಡಬೇಡಿ, ಕೆಳಗೆ ಗಡ್ಡೆ ಜೀವಂತವಾಗಿರುತ್ತದೆ.