ಕಲಿಯುವ ಕೈಗೆ ಎರಡೂ ಕಣ್ಣು ಕೊಡಿ

ಒಂದು ಪೆಟ್ಟಿಗೆ. ಒಳಗೆ ಹನ್ನೆರಡು ಗೂಟ, ಆರು ರಬ್ಬರ್ ತುಂಡು. ಮೇಲಿನ ಎರಡು ತೂತಿನಿಂದ ಉದ್ದನೆಯ ಎರಡು ಇಕ್ಕಳ ಒಳಗಿಳಿದಿವೆ. ಹೊಟ್ಟೆಯ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಇಳಿಸಿ, ಪರದೆ ನೋಡುತ್ತಾ ಮಾಡುವ ಕೀಹೋಲ್ ಸರ್ಜರಿ ಕಲಿಯುವವರ ಮೊದಲ ಪಾಠ ಇದು: ಎಡಗೈಯಿಂದ ತುಂಡು ಎತ್ತಿ, ಗಾಳಿಯಲ್ಲೇ ಬಲಗೈ ಇಕ್ಕಳಕ್ಕೆ ದಾಟಿಸಿ, ಆಚೆಯ ಗೂಟಕ್ಕೆ ಹಾಕಬೇಕು.

ಪರದೆ ನೋಡಿದರೆ ಇಕ್ಕಳದ ಬಾಯಿ ರಬ್ಬರನ್ನು ಮುಟ್ಟಿಯೇ ಬಿಟ್ಟಿದೆ. ಹಿಡಿ ಒತ್ತುತ್ತಾರೆ. ಸಿಕ್ಕಿದ್ದು ಬರೀ ಗಾಳಿ. ರಬ್ಬರು ಇನ್ನೂ ಕೆಳಗಿದೆ. ಸರಿ ಎಂದು ಇನ್ನಷ್ಟು ಇಳಿಸುತ್ತಾರೆ, ತುದಿ ಹೋಗಿ ತಳಕ್ಕೆ ಕುಟ್ಟುತ್ತದೆ. ರಬ್ಬರಾದ್ದರಿಂದ ಪರವಾಗಿಲ್ಲ. ಅಲ್ಲಿ ಕರುಳಿದ್ದಿದ್ದರೆ?

ಇದು ಕಲಿಯುವವರ ದಡ್ಡತನ ಅಲ್ಲ. ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ ಇದೆ. ಒಂದೊಂದು ಕಣ್ಣಿಗೂ ಕಾಣುವ ಚಿತ್ರ ಸ್ವಲ್ಪ ಬೇರೆ. ಆ ವ್ಯತ್ಯಾಸದಿಂದಲೇ ಮಿದುಳು ಆಳವನ್ನು ಅಳೆಯುತ್ತದೆ. ಹೊಟ್ಟೆಯೊಳಗೆ ಇಳಿಸುವ ಕ್ಯಾಮೆರಾ ಕೊಳವೆ, ಅಂದರೆ ಮಾಮೂಲಿ ಲ್ಯಾಪರೋಸ್ಕೋಪು, ಒಂಟಿಗಣ್ಣಿನದು. ಅದು ಕೊಡುವ ಚಪ್ಪಟೆ ಚಿತ್ರದಲ್ಲಿ ನೆರಳು ನೋಡಿ, ಯಾವುದು ಯಾವುದರ ಹಿಂದೆ ಮರೆಯಾಗಿದೆ ಎಂದು ನೋಡಿ, ಆಳವನ್ನು ಊಹಿಸಬೇಕು. ಪಳಗಿದವರಿಗೆ ತಾವು ಊಹಿಸುತ್ತಿದ್ದೇವೆ ಎಂಬುದೇ ಮರೆತುಹೋಗಿರುತ್ತದೆ. ಹೊಸಬರಿಗೆ ಇದರ ಮೇಲೆ ಇನ್ನೊಂದು ಕಷ್ಟ. ಉಪಕರಣ ಹೊಟ್ಟೆಯ ತೂತಿನಲ್ಲಿ ಸನ್ನೆಗೋಲಿನ ಹಾಗೆ ತಿರುಗುವುದರಿಂದ, ಕೈ ಎಡಕ್ಕೆ ಹೋದರೆ ತುದಿ ಬಲಕ್ಕೆ ಹೋಗುತ್ತದೆ. ಕೈಯೂ ತಲೆಕೆಳಗು, ಕಣ್ಣೂ ಕುರುಡು. ಎರಡನ್ನೂ ಮೊದಲ ದಿನವೇ ಯಾಕೆ ಹೇರಬೇಕು?

ಅದಕ್ಕೇ ನಾನು ಹೇಳುವುದು, ಪಾಠ 3ಡಿ ಪರದೆಯಲ್ಲೇ ಶುರುವಾಗಲಿ. ಸ್ಕೋಪಿನ ತುದಿಯಲ್ಲಿ ಎರಡು ಲೆನ್ಸ್, ನೋಡುವವರಿಗೆ ಒಂದು ಹಗುರ ಕನ್ನಡಕ, ಅಷ್ಟೇ. ಕಣ್ಣಿನ ಗೊಂದಲ ಕಳೆದರೆ ಗಮನವೆಲ್ಲ ಕೈ ಮೇಲಿರುತ್ತದೆ. ಪೆಟ್ಟಿಗೆಯ ಅಭ್ಯಾಸದಲ್ಲಿ ಹೊಸಬರು 3ಡಿಯಲ್ಲಿ ಬೇಗ ಮುಗಿಸುತ್ತಾರೆ, ತಪ್ಪೂ ಕಡಿಮೆ ಎಂದು ಬಹಳಷ್ಟು ಅಧ್ಯಯನಗಳು ತೋರಿಸಿವೆ.

ಹೊಲಿಗೆಯ ಹೊತ್ತಿಗೆ ಇದು ಎದ್ದು ಕಾಣುತ್ತದೆ. ಸೂಜಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಚಪ್ಪಟೆ ಚಿತ್ರದಲ್ಲಿ ಅದರ ಮೊನೆ ನಮ್ಮ ಕಡೆ ಬಾಗಿದೆಯೋ ಆಚೆ ಬಾಗಿದೆಯೋ ತಿಳಿಯುವುದಿಲ್ಲ. ಹಿಡಿಯುತ್ತಾರೆ, ಅದು ಹೊರಳಿಕೊಳ್ಳುತ್ತದೆ. ಬಿಟ್ಟು ಮತ್ತೆ ಹಿಡಿಯುತ್ತಾರೆ. ಒಂದು ಗಂಟು ಹಾಕುವ ಮೊದಲೇ ಭುಜ ಬಿಗಿದು ಕಲ್ಲಾಗಿರುತ್ತದೆ. 3ಡಿಯಲ್ಲಿ ಮೊನೆಯ ದಿಕ್ಕು ಕಣ್ಣಿಗೆ ನೇರ ಕಾಣುತ್ತದೆ, ಮಣಿಕಟ್ಟನ್ನು ಹೇಗೆ ತಿರುಗಿಸಬೇಕು ಎಂಬುದರ ಮೇಲೆ ಮನಸ್ಸು ನಿಲ್ಲುತ್ತದೆ.

“ನಾವೆಲ್ಲ ಚಪ್ಪಟೆ ಪರದೆಯಲ್ಲೇ ಕಲಿತಿಲ್ಲವೇ” ಎನ್ನುವ ಹಿರಿಯರಿದ್ದಾರೆ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ತಾವು ಪಟ್ಟ ಕಷ್ಟವನ್ನು ಎಲ್ಲರೂ ಪಡಲೇಬೇಕು ಎಂದರೆ ಒಪ್ಪಲಾರೆ. ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೆ ಪೆಟ್ಟಾದ 252 ಪ್ರಕರಣಗಳನ್ನು 2003ರಲ್ಲಿ ವಿಶ್ಲೇಷಿಸಿದಾಗ, 97 ಶೇಕಡಾ ಪ್ರಕರಣಗಳಲ್ಲಿ ಮೂಲ ಕಾರಣ ಕಣ್ಣಿಗಾದ ಭ್ರಮೆ ಎಂದು ಕಂಡಿತು. ಸರ್ಜನ್ ಒಂದು ನಾಳವನ್ನು ಇನ್ನೊಂದು ಎಂದು ನಂಬಿದ್ದರು. 3ಡಿ ಇದ್ದಿದ್ದರೆ ಅವೆಲ್ಲ ತಪ್ಪುತ್ತಿದ್ದವು ಎಂದು ನಾನು ಹೇಳುತ್ತಿಲ್ಲ. ಈ ಕೆಲಸದಲ್ಲಿ ಕೈಗಿಂತ ಮೊದಲು ಕಣ್ಣು ಎಡವುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ 3ಡಿಯಿಂದ ಏನೂ ಲಾಭ ಕಾಣಲಿಲ್ಲ. ಅದನ್ನು ಮುಚ್ಚಿಡಬಾರದು. ಆದರೆ ಆ ಕಾಲದ 3ಡಿ ಚಿತ್ರ ಮಬ್ಬು, ಕನ್ನಡಕ ಹಾಕಿಕೊಂಡವರಿಗೆ ತಲೆನೋವು. ಇಂದಿನ ಪರದೆಗೂ ಅದಕ್ಕೂ ಹೋಲಿಕೆಯೇ ಇಲ್ಲ.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಬೇರೆ. ಕಲಿತು ಹೋದವರಿಗೆ ಸಿಗುವ ಆಪರೇಷನ್ ಥಿಯೇಟರಿನಲ್ಲಿ 3ಡಿ ಇಲ್ಲದೇ ಹೋದರೆ? ಕೆಲವರಿಗೆ ಎರಡು ಕಣ್ಣಿನ ಆಳದ ನೋಟವೇ ಇರುವುದಿಲ್ಲ, ಮೆಳ್ಳೆಗಣ್ಣು ಇದ್ದವರಲ್ಲಿ ಹೆಚ್ಚು. ಅಂಥವರಿಗೆ 3ಡಿಯಿಂದ ಏನೂ ಸಿಗದು. ಆದ್ದರಿಂದ ಮೊದಲ ದಿನವೇ ಎಲ್ಲರ ಕಣ್ಣನ್ನೂ ಪರೀಕ್ಷಿಸಲಿ, ಕೆಲವೇ ನಿಮಿಷದ ಕೆಲಸ. ಆಮೇಲೆ, ಕೈ ತಾನಾಗಿ ಓಡುವಷ್ಟು ಪಳಗಿದ ಮೇಲೆ, ಕನ್ನಡಕ ತೆಗೆದಿಡಿಸಿ. ಅದೇ ಪೆಟ್ಟಿಗೆ, ಅದೇ ಆರು ತುಂಡು, ಈಗ ಚಪ್ಪಟೆ ಪರದೆ. ಅಲ್ಲೂ ಒಂದೂ ಬೀಳದಂತೆ ಗೂಟಕ್ಕೆ ಹಾಕಿ ತೋರಿಸಿದವರನ್ನು ಮಾತ್ರ ರೋಗಿಯ ಬಳಿಗೆ ಕಳಿಸಿ.