ಗೊತ್ತಿರುವ ತಂಬಿಗೆ, ಕಾಣುವ ತಂಬಿಗೆ

ಗೆಳೆಯರೇ,

ಮೇಜಿನ ಮೇಲಿರುವ ಈ ಹಿತ್ತಾಳೆ ತಂಬಿಗೆಯನ್ನು ಒಮ್ಮೆ ನೋಡಿ. ಮುಂದಿನ ಸಾಲಿನವರ ಕಣ್ಣಿನ ಮಟ್ಟಕ್ಕೆ ಇದರ ಬಾಯಿ ಸರಿಯಾಗಿ ಬಂದಿದೆ. ಅವರಿಗೆ ಅದು ಬರೀ ಒಂದು ಗೆರೆ. ಮೇಲೆ ಗ್ಯಾಲರಿಯಲ್ಲಿ ಕೂತವರಿಗೆ ಒಳಗಿನ ನೀರೂ ಕಾಣುತ್ತಿರಬೇಕು. ಇದನ್ನೇ ಒಂಬತ್ತನೇ ತರಗತಿಯ ಮಕ್ಕಳ ಮುಂದಿಟ್ಟು ಬಿಡಿಸಿ ಅಂದರೆ, ಯಾವ ಮೂಲೆಯಲ್ಲಿ ಕೂತ ಮಗುವಾದರೂ ಹೆಚ್ಚುಕಡಿಮೆ ಒಂದೇ ಚಿತ್ರ ಬಿಡಿಸುತ್ತದೆ. ಬಾಯಿ ಮೊಟ್ಟೆಯ ಹಾಗೆ ಅಗಲವಾಗಿ ತೆರೆದಿರುತ್ತದೆ, ತಳ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ಕೈಗೆ ಅಭ್ಯಾಸ ಸಾಲದು ಅಂತ ನಾವು ಹೇಳಿಬಿಡುತ್ತೇವೆ. ಪಾಪ, ಕೈ ಏನು ಮಾಡೀತು? ಬಾಯಿ ದುಂಡಗಿದೆ ಅಂತ ಮಗುವಿಗೆ ಗೊತ್ತು, ದುಂಡಗೆ ಬಿಡಿಸಿತು. ತಳ ಸಮತಟ್ಟು ಅಂತ ಗೊತ್ತು, ನೇರ ಗೆರೆ ಎಳೆಯಿತು. ಅದು ಬಿಡಿಸಿದ್ದು ಗೊತ್ತಿರುವ ತಂಬಿಗೆಯನ್ನು. ಎದುರಿಗಿರುವ ತಂಬಿಗೆಯನ್ನು ಅದು ಇನ್ನೂ ನೋಡಿಯೇ ಇಲ್ಲ.

ಆಗ ನಾವೇನು ಮಾಡುತ್ತೇವೆ? ಬೋರ್ಡಿನ ಮೇಲೆ ಒಂದು ಚೆಂದದ ತಂಬಿಗೆ ಬರೆದು, ಹೀಗೆ ಬರೆಯಿರಿ ಅನ್ನುತ್ತೇವೆ. ಮಗುವಿಗೆ ಈಗ ಗೊತ್ತಿರುವ ತಂಬಿಗೆಗಳು ಎರಡಾದವು, ತನ್ನದೊಂದು, ಮೇಷ್ಟ್ರದೊಂದು. ಎದುರಿಗಿರುವುದು ಹಾಗೇ ಉಳಿಯಿತು. ದಯವಿಟ್ಟು ಬೋರ್ಡನ್ನು ಖಾಲಿ ಬಿಡಿ. ಇವತ್ತು ಇಷ್ಟೇ ಕೇಳಲು ಬಂದಿದ್ದೇನೆ, ಉಳಿದದ್ದೆಲ್ಲ ಅದನ್ನು ಮಾಡುವುದು ಹೇಗೆ ಅನ್ನುವುದು.

ಮೊದಲು ಕೂರಿಸುವುದು. ನಲವತ್ತು ಮಕ್ಕಳಿಗೆ ಒಂದು ತಂಬಿಗೆ ಸಾಲದು. ಕೋಣೆಯಲ್ಲಿ ಮೂರು ನಾಲ್ಕು ಕಡೆ ಸ್ಟೂಲಿನ ಮೇಲೆ ಸಾಮಾನು ಇಟ್ಟು ಸುತ್ತ ಕೂರಿಸಿ. ವಸ್ತುವಿನ ಎತ್ತರದ ಮೂರು ಪಟ್ಟಿಗಿಂತ ಹತ್ತಿರ ಯಾರೂ ಬೇಡ. ತೀರಾ ಹತ್ತಿರ ಕೂತ ಮಗು ಬಾಯಿ ನೋಡಲು ಒಮ್ಮೆ, ತಳ ನೋಡಲು ಮತ್ತೊಮ್ಮೆ ಕತ್ತು ಬಗ್ಗಿಸುತ್ತದೆ. ಎರಡು ನೋಟ ಒಂದೇ ಹಾಳೆಯಲ್ಲಿ ಸೇರಿ ತಂಬಿಗೆ ಸೊಟ್ಟಗಾಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಒಂದು ಬದಿಯ ಕಿಟಕಿ ಮುಚ್ಚಿ. ಬೆಳಕು ಒಂದೇ ಕಡೆಯಿಂದ ಬಂದರೆ ಮಾತ್ರ ನೆರಳಿಗೆ ಆಕಾರ ಇರುತ್ತದೆ.

ಹಾಳೆಯ ವಿಷಯ ಯಾರೂ ಹೇಳುವುದೇ ಇಲ್ಲ. ಡೆಸ್ಕಿನ ಮೇಲೆ ಹಾಳೆ ಮಲಗಿದ್ದರೆ ಅದರ ಮೇಲ್ಭಾಗ ಕಣ್ಣಿಗೆ ಕುಗ್ಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಮಗು ತನಗರಿವಿಲ್ಲದೆ ಚಿತ್ರವನ್ನು ಉದ್ದ ಎಳೆಯುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿದಾಗ ನೋಡಿ, ತಂಬಿಗೆ ಹೂಜಿಯಾಗಿರುತ್ತದೆ! ಮದ್ದು ಸುಲಭ. ಪರೀಕ್ಷೆಗೆ ತರುವ ರೈಟಿಂಗ್ ಪ್ಯಾಡನ್ನು ತೊಡೆಯ ಮೇಲಿಟ್ಟು ಡೆಸ್ಕಿನ ಅಂಚಿಗೆ ಒರಗಿಸಿದರೆ ಹಾಳೆ ಕಣ್ಣಿಗೆ ನೇರವಾಗುತ್ತದೆ. ಪೆನ್ಸಿಲ್ ಮೆತ್ತನೆಯ 2ಬಿ ಇರಲಿ, ತುದಿಯಿಂದ ನಾಲ್ಕು ಬೆರಳು ಹಿಂದೆ ಹಿಡಿಯಲಿ. ಅದಕ್ಕಿಂತ ಗಟ್ಟಿಯಾದ ಎಚ್‌ಬಿ ಕೊಟ್ಟರೆ ಒತ್ತಿ ಒತ್ತಿ ಹಾಳೆಯಲ್ಲಿ ಗೀರು ಬೀಳಿಸುತ್ತಾರೆ, ಅದು ಯಾವ ರಬ್ಬರಿಗೂ ಹೋಗುವುದಿಲ್ಲ. ಮೊದಲ ಹತ್ತು ನಿಮಿಷ ರಬ್ಬರು ಜಾಮಿಟ್ರಿ ಬಾಕ್ಸಿನಲ್ಲೇ ಇರಲಿ. ತಪ್ಪು ಗೆರೆ ಹಾಳೆಯ ಮೇಲಿದ್ದರೆ ಸರಿ ಗೆರೆ ಎಷ್ಟು ಆಚೆ ಬರಬೇಕು ಅಂತ ಗೊತ್ತಾಗುತ್ತದೆ. ಅಳಿಸಿದವರು ಅದೇ ತಪ್ಪನ್ನು ಅದೇ ಜಾಗದಲ್ಲಿ ಮತ್ತೆ ಎಳೆಯುತ್ತಾರೆ.

ಇನ್ನು ಪೀರಿಯಡ್ಡಿನ ಮೊದಲ ಐದು ನಿಮಿಷ. ಹಾಳೆ ನೋಡದೆ ಬಿಡಿಸುವ ಅಭ್ಯಾಸ. ಒಂದು ಇರುವೆ ತಂಬಿಗೆಯ ಅಂಚಿನಲ್ಲಿ ಹೊರಟಿದೆ ಅಂದುಕೊಂಡು ಕಣ್ಣು ಅದರ ಹಿಂದೆ ಹೋಗಬೇಕು, ಪೆನ್ಸಿಲ್ ಕಣ್ಣಿನ ಹಿಂದೆ. ಕಣ್ಣು ನಿಂತಲ್ಲಿ ಪೆನ್ಸಿಲ್ಲೂ ನಿಲ್ಲಬೇಕು. ಚಿತ್ರ ವಿಕಾರವಾಗಿ ಬರುತ್ತದೆ, ತರಗತಿ ಗೊಳ್ಳೆಂದು ನಗುತ್ತದೆ. ನಗಲಿ ಬಿಡಿ. ಆದರೆ ಆ ವಿಕಾರದ ಗೆರೆಯಲ್ಲಿ ಕಂಠದ ಹತ್ತಿರ ಒಂದು ತಗ್ಗು ಮೂಡಿರುತ್ತದೆ, ತಂಬಿಗೆಯ ನಿಜವಾದ ತಗ್ಗು. ಅದನ್ನು ಬೆರಳಿಟ್ಟು ತೋರಿಸಿ. ಇದಕ್ಕೆ ಅಂಕ ಬೇಡ.

ಆಮೇಲೆ ಅಳತೆ. ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳು ಸರಿಸಿ ಹೊಟ್ಟೆಯ ಅಗಲ ಹಿಡಿಯಿರಿ. ಆ ಅಗಲ ಎತ್ತರದಲ್ಲಿ ಎಷ್ಟು ಸಲ ಕೂರುತ್ತದೆ? ಮೊಣಕೈ ಒಮ್ಮೆ ಮಡಚಿ ಒಮ್ಮೆ ಚಾಚಿದರೆ ಅಳತೆ ಕೆಟ್ಟಿತು ಅಂತಲೇ ಲೆಕ್ಕ. ತರಗತಿಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ.

ತಳದ ಪ್ರಶ್ನೆಗೆ ಬಳೆ ತನ್ನಿ. ಒಂದು ಬಳೆಯನ್ನು ಮಲಗಿಸಿದ ಹಾಗೆ ಕಣ್ಣಿನ ಮಟ್ಟದಲ್ಲಿ ಹಿಡಿದರೆ ಗೆರೆ. ಹಾಗೇ ಮಲಗಿಸಿಕೊಂಡೇ ಕೆಳಗಿಳಿಸುತ್ತ ಹೋದರೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ಕೆಳಗಿಳಿದಷ್ಟೂ ದುಂಡಗೆ. ಹಾಗಾದರೆ ಕಣ್ಣಿಗಿಂತ ಕೆಳಗಿರುವ ತಂಬಿಗೆಯಲ್ಲಿ ಬಾಯಿಯ ವಕ್ರಕ್ಕಿಂತ ತಳದ ವಕ್ರ ಹೆಚ್ಚು ತುಂಬಿಕೊಂಡಿರಬೇಕು. ಮಕ್ಕಳು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ತಳದ ಎಲಿಪ್ಸನ್ನು, ಅಂದರೆ ಆ ಚಪ್ಪಟೆಯಾಗಿ ಕಾಣುವ ವೃತ್ತವನ್ನು, ಕಾಣದ ಹಿಂಭಾಗವೂ ಸೇರಿ ಪೂರ್ತಿ ಬರೆಯಿಸಿ, ಆಮೇಲೆ ಹಿಂಭಾಗ ಅಳಿಸಲಿ. ಎರಡು ತುದಿ ಬಾದಾಮಿಯ ಹಾಗೆ ಚೂಪಾಗಬಾರದು, ಎಷ್ಟೇ ಕಿರಿದಾದರೂ ತುದಿ ಬಾಗಿಯೇ ತಿರುಗಬೇಕು.

ಈಗ ಒಂದು ಪ್ರಸಂಗ. 1609ರ ಜುಲೈ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್, ಗಣಿತದಲ್ಲಿ ಬಹಳ ದೊಡ್ಡವನು, ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬಿಡಿಸಿದ. ಬೆಳಕು ಕತ್ತಲಿನ ಗಡಿಯಲ್ಲಿ ಅಂಕುಡೊಂಕು ಗೆರೆ, ಅಲ್ಲಲ್ಲಿ ಒಂದಿಷ್ಟು ಗೀಚು, ಅಷ್ಟೇ. ಕೆಲವೇ ತಿಂಗಳ ನಂತರ ಇಟಲಿಯ ಪಡುವಾದಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದ, ಕುಂಚ ಹಿಡಿದು ಕಂದು ಬಣ್ಣದ ತೆಳು ಛಾಯೆಗಳಲ್ಲಿ ಬಿಡಿಸಿದ. ಕತ್ತಲ ಭಾಗದೊಳಗೆ, ಗಡಿಯಿಂದ ದೂರ, ಬಿಡಿಬಿಡಿಯಾಗಿ ಕೆಲವು ಬೆಳಕಿನ ಚುಕ್ಕೆ. ಗಂಟೆಗಳು ಕಳೆದಂತೆ ಆ ಚುಕ್ಕೆ ಹಿಗ್ಗಿ ಬೆಳಗಿದ ಭಾಗಕ್ಕೆ ಕೂಡಿಕೊಂಡವು. ಅವು ಬೆಟ್ಟದ ತುದಿಗಳು ಅಂದ! ಕಣಿವೆ ಇನ್ನೂ ಕತ್ತಲಲ್ಲಿರುವಾಗ ಮುಳ್ಳಯ್ಯನಗಿರಿಯ ತಲೆಗೆ ಮೊದಲ ಬಿಸಿಲು ಬೀಳುವುದಿಲ್ಲವೇ, ಹಾಗೆ. 1610ರ ಮಾರ್ಚಿನಲ್ಲಿ ಅವನ ಪುಸ್ತಕ ವೆನಿಸ್‌ನಲ್ಲಿ ಅಚ್ಚಾಯಿತು. ಅದೇ ವರ್ಷದ ಜುಲೈನಲ್ಲಿ ಹ್ಯಾರಿಯಟ್ ಬಿಡಿಸಿದ ಚಂದ್ರನಲ್ಲಿ ಕುಳಿಗಳು ಬಂದಿದ್ದವು.

ಗೆಲಿಲಿಯೊನ ದೂರದರ್ಶಕವೇ ಹೆಚ್ಚು ಶಕ್ತಿಯದು ಅಂತ ವಿಜ್ಞಾನದ ಮೇಷ್ಟ್ರು ಯಾರಾದರೂ ಎದ್ದು ಹೇಳಬಹುದು. ನಿಜ, ಇವನದು ಸುಮಾರು 20 ಪಟ್ಟು, ಅವನದು ಸುಮಾರು 6. ಆದರೂ ಕತ್ತಲಲ್ಲಿರುವ ಚುಕ್ಕೆ ಶಿಖರ ಅಂತ ಗಾಜು ಹೇಳುವುದಿಲ್ಲ. ಗೆಲಿಲಿಯೊಗೆ ಚಿತ್ರಕಲೆ ಗೊತ್ತಿತ್ತು. ಚಿತ್ರಕಾರ ಚಿಗೋಲಿ ಅವನ ಆಪ್ತ. 1613ರಲ್ಲಿ ಫ್ಲಾರೆನ್ಸಿನ ಚಿತ್ರಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ಉಬ್ಬುತಗ್ಗಿನ ಮೇಲೆ ನೆರಳು ಹೇಗೆ ಬೀಳುತ್ತದೆ ಅನ್ನುವುದು ಅವನ ಕಣ್ಣಿಗೆ ಪರಿಚಿತ.

ಹಾಗಾದರೆ ಗೊತ್ತಿರುವುದು ಅಡ್ಡಿ ಅಂದಿರಲ್ಲ, ಇಲ್ಲಿ ಗೊತ್ತಿದ್ದದ್ದೇ ನೆರವಾಯಿತಲ್ಲ ಅಂತ ಕೇಳಿದರೆ, ಪ್ರಶ್ನೆ ನ್ಯಾಯವಾದದ್ದೇ. ತಂಬಿಗೆ ಹೀಗಿರುತ್ತದೆ ಅನ್ನುವ ತಿಳಿವಳಿಕೆ ಕಣ್ಣು ಮುಚ್ಚಿಸುತ್ತದೆ. ಬೆಳಕು ಹೀಗೆ ನಡೆಯುತ್ತದೆ ಅನ್ನುವ ತಿಳಿವಳಿಕೆ ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ. ಕಲಿಸಬೇಕಾದದ್ದು ಎರಡನೆಯದು.

ಹೊತ್ತು ಮೀರುತ್ತಿದೆ, ಛಾಯೆಯನ್ನು ಚುಟುಕಾಗಿ ಮುಗಿಸುತ್ತೇನೆ. ಶೇಡಿಂಗನ್ನು ಹಿತ್ತಾಳೆಯಿಂದ ಶುರು ಮಾಡಬೇಡಿ, ಅದರಲ್ಲಿ ಇಡೀ ಕೋಣೆಯೇ ಪ್ರತಿಫಲಿಸಿ ಮಕ್ಕಳು ಗಾಬರಿಯಾಗುತ್ತಾರೆ. ಮೊದಲು ಸುಣ್ಣ ಬಳಿದ ಮಡಕೆ ಇಡಿ, ಬದನೆಕಾಯಿ ಆಮೇಲೆ. ಕಣ್ಣು ಅರೆಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರ ಅಳಿದು ಮೂರು ನಾಲ್ಕು ಛಾಯೆ ಉಳಿಯುತ್ತದೆ, ಅದನ್ನೇ ಹಾಕಲಿ. ಮೈಮೇಲಿನ ಗಾಢ ನೆರಳು ಅಂಚಿನಲ್ಲಿರುವುದಿಲ್ಲ, ಅಂಚಿಗಿಂತ ಸ್ವಲ್ಪ ಒಳಗಿರುತ್ತದೆ. ಅಂಚಿಗೆ ಮೇಜಿನ ಬೆಳಕು ತಿರುಗಿ ತಾಗಿರುತ್ತದೆ. ನೆಲದ ಮೇಲಿನ ನೆರಳು ವಸ್ತು ತಾಗುವಲ್ಲಿ ಅತಿ ಕಪ್ಪು, ದೂರ ಹೋದಂತೆ ಮಸುಕು. ಬೆರಳಿನಿಂದ ಉಜ್ಜುವುದು ಬೇಡ, ಬೆರಳಿನ ಜಿಡ್ಡು ತಾಗಿದ ಕಡೆ ಪೆನ್ಸಿಲ್ ಮತ್ತೆ ಹಿಡಿಯುವುದಿಲ್ಲ.

ದಾಸವಾಳದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಅಂತಿದ್ದೆ, ಎರಡೇ ಮಾತು ಹೇಳುತ್ತೇನೆ. ಐದು ಎಸಳು ಅಕ್ಕಪಕ್ಕ ಅಂಟಿಸಿದ ಹಾಗಿರುವುದಿಲ್ಲ. ಒಂದರ ಅಂಚು ಮುಂದಿನದರ ಮೇಲೆ ಬಂದು, ಐದೂ ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತವೆ. ಹೂವನ್ನು ತಿರುಗಿಸಿ ತೊಟ್ಟಿನ ಕಡೆಯಿಂದಲೂ ಬಿಡಿಸಿಸಿ. ಹೂವಿನ ಬುಡ ಹಿಡಿದಿರುವ ಹಸಿರು ಬಟ್ಟಲಿನ, ಅಂದರೆ ಪುಷ್ಪಪಾತ್ರೆಯ, ಕೆಳಗೆ ಸಣ್ಣ ಕಿರಿದಾದ ಎಸಳುಗಳ ಇನ್ನೊಂದು ಸುತ್ತು ಇರುವುದನ್ನು ಮಕ್ಕಳು ತಾವಾಗಿಯೇ ಕಂಡುಹಿಡಿಯುತ್ತಾರೆ. ಸಂಜೆಗೆ ಹೂವು ಮುದುಡುತ್ತದೆ, ಹಾಗಾಗಿ ಹೂವು ಮೊದಲು, ಎಲೆ ಆಮೇಲೆ.

ಊಟಕ್ಕೆ ಇನ್ನೂ ಹದಿನೈದು ನಿಮಿಷ ಇದೆಯಂತೆ. ನೀವೆಲ್ಲ ಪ್ಯಾಡ್ ತಂದಿದ್ದೀರಿ. ಕೂತಲ್ಲಿಂದಲೇ ಈ ತಂಬಿಗೆಯನ್ನು ಒಮ್ಮೆ ಬಿಡಿಸಿ, ಏಳು ನಿಮಿಷ. ಆಮೇಲೆ ಗ್ಯಾಲರಿಯವರು ಕೆಳಗೆ ಬನ್ನಿ, ಮುಂದಿನ ಸಾಲಿನವರು ಮೇಲೆ ಹೋಗಿ, ಅದೇ ಹಾಳೆಯ ಹಿಂಬದಿಯಲ್ಲಿ ಮತ್ತೊಮ್ಮೆ. ರಬ್ಬರು ಜೇಬಿನಲ್ಲೇ ಇರಲಿ.